ಕಣ್ಣು ಬಿಡದ ಇಲಿಮರಿಯೂ ಡೋಪಮಿನ್ನೂ

(ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಆಡಿದ ಮಾತುಗಳ ಬರಹ ರೂಪ. ಕೇಳುಗರ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲಿಗಳ ಬಗ್ಗೆ ಮಾತಾಡಲು ಕರೆದಿದ್ದೀರಿ. ಆದರೆ ನಾನು ಮೊದಲು ನನ್ನ ಬ್ಯಾಗಿನಲ್ಲಿರುವ ಒಂದು ಮಾತ್ರೆ ಪಟ್ಟಿ ತೋರಿಸುತ್ತೇನೆ. ಗ್ಯಾಸ್ ಮಾತ್ರೆ. ಎಷ್ಟೋ ಮನೆಗಳಲ್ಲಿ ಫ್ರಿಜ್ಜಿನ ಮೇಲೆ ಬಿದ್ದಿರುತ್ತದೆ. ಹೆಸರಿನ ಕೊನೆಗೆ ಒಂದು 'ಡಿ' ಇದೆ ನೋಡಿ. ಆ ಡಿ ಅಂದರೆ ಡಾಂಪೆರಿಡೋನ್. ವಾಂತಿ, ಹೊಟ್ಟೆ ತೊಳಸುವುದನ್ನು ನಿಲ್ಲಿಸುವ ಔಷಧಿ. ಅದು ಕೆಲಸ ಮಾಡುವುದು ಡೋಪಮಿನ್‌ಗೆ ಅಡ್ಡ ನಿಂತು.

ಈಗ ಒಂದು ತಲೆಹರಟೆ ಪ್ರಶ್ನೆ. ಡೋಪಮಿನ್ ಅಂದರೆ 'ಖುಷಿಯ ರಾಸಾಯನಿಕ' ಅಂತ ಮೊಬೈಲಿನಲ್ಲಿ ದಿನಾ ಓದುತ್ತೀರಿ. ಹಾಗಾದರೆ ಅದನ್ನು ತಡೆಯುವ ಮಾತ್ರೆ ನುಂಗಿದವರು ಯಾಕೆ ಮುಖ ಸಪ್ಪಗೆ ಮಾಡಿಕೊಂಡು ಕೂರುವುದಿಲ್ಲ?

ಯಾಕೆಂದರೆ ಡಾಂಪೆರಿಡೋನ್ ಮಿದುಳಿನ ಒಳಕ್ಕೆ ಅಷ್ಟಾಗಿ ಹೋಗುವುದಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಬಿಗಿ ಗೋಡೆ ಇದೆ. ಆದರೆ ಒಂದೆರಡು ಕಡೆ ಆ ಗೋಡೆಯಲ್ಲಿ ಕಿಂಡಿಗಳಿವೆ. ವಾಂತಿಗೆ ಸಂಬಂಧಪಟ್ಟ ಜಾಗದಲ್ಲಿ ಒಂದು. ಮಿದುಳಿನ ತಳದಲ್ಲಿ, ಪಿಟ್ಯುಟರಿ ಗ್ರಂಥಿ ಜೋತುಬಿದ್ದಿರುವ ಜಾಗದಲ್ಲಿ, ಇನ್ನೊಂದು. ಈ ಮಾತ್ರೆ ತೆಗೆದುಕೊಂಡ ಕೆಲವು ಹೆಂಗಸರಿಗೆ ಮಗು ಇಲ್ಲದಿದ್ದರೂ ಎದೆಯಲ್ಲಿ ಹಾಲು ಬರುವುದುಂಟು, ಮುಟ್ಟು ತಪ್ಪುವುದೂ ಉಂಟು. ಎರಡನೇ ಕಿಂಡಿಯ ಮಹಿಮೆ ಅದು. ಅಲ್ಲಿ ಡೋಪಮಿನ್‌ಗೂ ಖುಷಿಗೂ ಏನೂ ಸಂಬಂಧ ಇಲ್ಲ. ಅಲ್ಲಿ ಅದು ಹಾರ್ಮೋನುಗಳ ಮೇಲೆ ಕೈ ಇಟ್ಟು ಕೂತಿದೆ. ಇವತ್ತಿನ ನನ್ನ ಮಾತೆಲ್ಲ ಈ ತಳದ ಮನೆಯದ್ದೇ, ಅದೂ ಇನ್ನೂ ಮೈನೆರೆಯದ ಹೆಣ್ಣಿಲಿಯಲ್ಲಿ.

ಇಲಿಯೇ ಯಾಕೆ? ಬೇಗ ಬೆಳೆಯುತ್ತದೆ, ಅದಕ್ಕೆ. ಹುಟ್ಟಿ 21 ದಿನಕ್ಕೆ ತಾಯಿಹಾಲು ಬಿಡಿಸುತ್ತೇವೆ. 35 ದಿನದ ಆಸುಪಾಸಿನಲ್ಲಿ ಮೈನೆರೆಯುತ್ತದೆ. ಅದು ಗೊತ್ತಾಗುವುದೂ ಸುಲಭ. ಮರಿಯಲ್ಲಿ ಯೋನಿಯ ಬಾಯಿ ಒಂದು ತೆಳು ಪೊರೆಯಿಂದ ಮುಚ್ಚಿರುತ್ತದೆ. ಒಂದು ದಿನ ಅದು ತೆರೆದುಕೊಳ್ಳುತ್ತದೆ. 28ನೇ ದಿನದಿಂದ ದಿನಾ ಬೆಳಿಗ್ಗೆ ಬಾಲ ಎತ್ತಿ ನೋಡುವುದೇ ನನ್ನ ಪಿಎಚ್‌ಡಿಯ ಮೊದಲ ವರ್ಷದ ಕೆಲಸವಾಗಿತ್ತು. ಮನೆಯಲ್ಲಿ 'ಏನು ಓದ್ತಿದೀಯಮ್ಮಾ' ಅಂತ ಕೇಳಿದರೆ ಹೇಳಲಾಗದೆ ಒದ್ದಾಡುತ್ತಿದ್ದೆ.

ತೆರೆದ ಮೇಲೆ ಮುಂದಿನ ಕೆಲಸ ಸ್ಮಿಯರ್. ಡ್ರಾಪರಿನಲ್ಲಿ ಒಂದು ಹನಿ ಉಪ್ಪುನೀರು ತೆಗೆದುಕೊಂಡು, ಎಡಗೈಯಲ್ಲಿ ಇಲಿಯನ್ನು ಮೆತ್ತಗೆ ಹಿಡಿದು, ಯೋನಿಯೊಳಗೆ ಬಿಟ್ಟು ವಾಪಸ್ ಎಳೆದು ಸ್ಲೈಡಿನ ಮೇಲೆ ಹಾಕಬೇಕು. ಗಟ್ಟಿಯಾಗಿ ಹಿಡಿದರೆ ಕಚ್ಚುತ್ತದೆ, ಸಡಿಲ ಬಿಟ್ಟರೆ ಓಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾಲ್ಕೈದು ದಿನಕ್ಕೊಮ್ಮೆ ಸುತ್ತುವ ಒಂದು ಸಿನಿಮಾ. ಒಂದು ದಿನ ಗುಂಡು ಗುಂಡಾದ, ನಡುವೆ ಚುಕ್ಕೆ ಇರುವ ಕೋಶಗಳು. ಮರುದಿನ ಬರೀ ಪೇಪರ್ ಅವಲಕ್ಕಿ: ಒಣಗಿದ, ಅಂಚು ಮುದುಡಿದ ಚಪ್ಪಟೆ ಕೋಶಗಳು. ಆಮೇಲೆ ಅವಲಕ್ಕಿಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಬಿಳಿ ರಕ್ತಕಣಗಳು. ಗುಂಡು ಕೋಶ ಕಂಡ ದಿನ ಮಧ್ಯಾಹ್ನ ಮಿದುಳು ಆಜ್ಞೆ ಕೊಡುತ್ತದೆ, ಅವತ್ತು ರಾತ್ರಿ ಅಂಡ ಬಿಡುಗಡೆ.

ಆ ಮಧ್ಯಾಹ್ನ ಎಂಬುದು ಸುಮ್ನೆ ಬಾಯಿಮಾತಲ್ಲ. 1950ರಲ್ಲಿ ಎವರೆಟ್ ಮತ್ತು ಸಾಯರ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ತೋರಿಸಿದರು: ಆ ದಿನ ಮಧ್ಯಾಹ್ನ ಸುಮಾರು 2ರಿಂದ 4 ಗಂಟೆಯೊಳಗೆ ಇಲಿಯನ್ನು ಪೆಂಟೊಬಾರ್ಬಿಟಲ್ ಕೊಟ್ಟು ಮಲಗಿಸಿದರೆ ಅಂಡ ಬಿಡುಗಡೆ ಆಗುವುದೇ ಇಲ್ಲ, ಪೂರ್ತಿ 24 ಗಂಟೆ ಮುಂದಕ್ಕೆ ಹೋಗುತ್ತದೆ. ಅಂದರೆ ಗಡಿಯಾರ ಅಂಡಾಶಯದಲ್ಲಿಲ್ಲ, ಮಿದುಳಿನಲ್ಲಿದೆ.

ಈ ಮಿದುಳು, ಪಿಟ್ಯುಟರಿ, ಅಂಡಾಶಯ ಮೂವರ ವ್ಯವಹಾರ ಹೇಗೆ ಅಂತ ಬೇಗ ಹೇಳಿಬಿಡುತ್ತೇನೆ. ಮಿದುಳಿನ ತಳದಲ್ಲಿ, ಪಿಟ್ಯುಟರಿಯ ಮೇಲೆಯೇ ಇರುವ ಭಾಗಕ್ಕೆ ಹೈಪೊಥಲಮಸ್ ಅಂತಾರೆ. ಅಲ್ಲಿರುವ ಒಂದಿಷ್ಟು ನರಕೋಶಗಳು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ತೊಟ್ಟಿಕ್ಕಿಸುತ್ತವೆ. ಅದು ಪುಟ್ಟ ರಕ್ತನಾಳಗಳ ಮೂಲಕ ಪಿಟ್ಯುಟರಿಗೆ ಇಳಿಯುತ್ತದೆ. ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಬಿಡುತ್ತದೆ. ಅವು ಅಂಡಾಶಯಕ್ಕೆ ಹೋಗಿ ಈಸ್ಟ್ರೊಜೆನ್ ಮಾಡಿಸುತ್ತವೆ. ಈಸ್ಟ್ರೊಜೆನ್ ವಾಪಸ್ ಮಿದುಳಿಗೆ ಬಂದು 'ಇಲ್ಲಿ ಇಷ್ಟಾಗಿದೆ' ಅಂತ ವರದಿ ಒಪ್ಪಿಸುತ್ತದೆ. ಆ ವರದಿಯೇ ಫೀಡ್‌ಬ್ಯಾಕ್.

ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದಲ್ವಾ? ನೀರು ಏರಿದರೆ ಚೆಂಡು ಏರಿ ನಲ್ಲಿ ಮುಚ್ಚುತ್ತದೆ. ಇದು ನೆಗೆಟಿವ್ ಫೀಡ್‌ಬ್ಯಾಕ್. ತಿಂಗಳಿನ, ಅಥವಾ ಇಲಿಯ ಲೆಕ್ಕದಲ್ಲಿ ನಾಲ್ಕು ದಿನದ, ಹೆಚ್ಚಿನ ಪಾಲು ಹೀಗೇ ನಡೆಯುತ್ತದೆ. ಆದರೆ ಹೆಣ್ಣಿನ ದೇಹದಲ್ಲಿ ಒಂದು ವಿಚಿತ್ರ ಇದೆ. ಈಸ್ಟ್ರೊಜೆನ್ ಒಂದು ಮಟ್ಟ ದಾಟಿ ಸ್ವಲ್ಪ ಹೊತ್ತು ಹಾಗೇ ನಿಂತರೆ ಚೆಂಡು ಉಲ್ಟಾ ಕೆಲಸ ಮಾಡುತ್ತದೆ. ನೀರು ಜಾಸ್ತಿಯಾದಷ್ಟೂ ನಲ್ಲಿ ಜೋರಾಗಿ ತೆರೆಯುತ್ತದೆ. ಎಲ್‌ಎಚ್ ಉಕ್ಕಿ ಹರಿಯುತ್ತದೆ, ಅಂಡ ಹೊರಬೀಳುತ್ತದೆ. ಇದು ಪಾಸಿಟಿವ್ ಫೀಡ್‌ಬ್ಯಾಕ್. ಯಾವ ಪ್ಲಂಬರೂ ಇಂಥ ನಲ್ಲಿ ಹಾಕಿಕೊಡುವುದಿಲ್ಲ. ಆದರೆ ನಾವು ನೀವೆಲ್ಲ ಹುಟ್ಟಿದ್ದು ಇದರಿಂದಲೇ.

ಈಗ ಒಗಟಿಗೆ ಬರೋಣ. 20 ದಿನದ ಹೆಣ್ಣಿಲಿಯಲ್ಲಿ ಏನು ಕಮ್ಮಿ ಇದೆ? ಪಿಟ್ಯುಟರಿ ಎಳೆಯದೇ? ಅಲ್ಲ. 1952ರಲ್ಲಿ ಇಂಗ್ಲೆಂಡಿನಲ್ಲಿ ಜೆಫ್ರಿ ಹ್ಯಾರಿಸ್ ಮತ್ತು ಡೋರಾ ಯಾಕಬ್‌ಸನ್ ಮರಿ ಇಲಿಗಳ ಪಿಟ್ಯುಟರಿ ತೆಗೆದು ದೊಡ್ಡ ಇಲಿಗಳ ಹೈಪೊಥಲಮಸ್ ಕೆಳಗೆ ಕೂರಿಸಿದರು. ಎಳೆ ಗ್ರಂಥಿ ದೊಡ್ಡವರ ಮನೆಯಲ್ಲಿ ದೊಡ್ಡವರ ಹಾಗೇ ದುಡಿಯಿತು. ಅಂಡಾಶಯ ಎಳೆಯದೇ? ಅದೂ ಅಲ್ಲ. ನಾಲ್ಕು ವಾರದ ಮರಿಗೆ ಗಬ್ಬದ ಕುದುರೆಯ ರಕ್ತದಿಂದ ತೆಗೆದ ಪಿಎಂಎಸ್‌ಜಿ ಎಂಬ ಹಾರ್ಮೋನಿನ ಒಂದು ಸೂಜಿ ಚುಚ್ಚಿದರೆ ಮೂರು ದಿನದೊಳಗೆ ಅಂಡ ಬಿಡುತ್ತದೆ. ಅಂದರೆ ಎಲ್ಲರೂ ರೆಡಿ. ಗಾಡಿ ಮಾತ್ರ ಹೊರಡುತ್ತಿಲ್ಲ. ಯಾರೋ ಬ್ರೇಕ್ ಮೇಲೆ ಕಾಲಿಟ್ಟಿದ್ದಾರೆ.

ಹಳೆಯ ಉತ್ತರ ಒಂದಿದೆ. 1930ರ ದಶಕದ ಶುರುವಿನಲ್ಲೇ ಹೋಲ್‌ವೆಗ್ ಮತ್ತು ಯುಂಕ್‌ಮನ್ 'ಮಿದುಳಿನಲ್ಲಿ ಒಂದು ಕೇಂದ್ರ ಇದೆ, ಅದು ಹಾರ್ಮೋನಿನ ಮಟ್ಟ ನೋಡಿಕೊಂಡು ಪಿಟ್ಯುಟರಿಯನ್ನು ಆಡಿಸುತ್ತದೆ' ಅಂದರು. 1963ರಲ್ಲಿ ರಮಿರೆಜ್ ಮತ್ತು ಮೆಕ್ಯಾನ್ ಇದಕ್ಕೆ ಲೆಕ್ಕ ಸೇರಿಸಿದರು. ಅಂಡಾಶಯ ತೆಗೆದ ಇಲಿಗಳಲ್ಲಿ ಎಲ್‌ಎಚ್ ಏರುತ್ತದೆ. ಅದನ್ನು ಇಳಿಸಲು ದೊಡ್ಡ ಇಲಿಗೆ ಬೇಕಾಗುವುದಕ್ಕಿಂತ ಕಡಿಮೆ ಈಸ್ಟ್ರೊಜೆನ್ ಎಳೆ ಇಲಿಗೆ ಸಾಕು ಅಂತ ಕಂಡುಕೊಂಡರು. ಅಂದರೆ ಚಿಕ್ಕಂದಿನಲ್ಲಿ ತೇಲುಚೆಂಡು ತೀರ ಕೆಳಗೇ ಕಟ್ಟಿರುತ್ತದೆ, ತುಸು ನೀರು ಬಂದರೂ ನಲ್ಲಿ ಬಂದ್. ಬೆಳೆದಂತೆ ಚೆಂಡನ್ನು ಮೇಲಕ್ಕೆ ಕಟ್ಟುತ್ತಾರೆ. ಚೆನ್ನಾಗಿದೆ. ಆದರೆ ನನಗೆ ಇದು ಅರ್ಧ ಉತ್ತರ ಅನ್ನಿಸುತ್ತದೆ. ಚೆಂಡು ಕಟ್ಟುವವರು ಯಾರು?

ಇಲ್ಲೊಂದು ಮುಖ್ಯ ವಿಷಯ. ಈಸ್ಟ್ರೊಜೆನ್ ತಂದ ವರದಿಯನ್ನು ಜಿಎನ್‌ಆರ್‌ಎಚ್ ನರಕೋಶಗಳು ನೇರವಾಗಿ ಓದಲಾರವು. ಈ ಫೀಡ್‌ಬ್ಯಾಕಿಗೆ ಬೇಕಾದ ಆಲ್ಫಾ ಮಾದರಿಯ ಈಸ್ಟ್ರೊಜೆನ್ ರಿಸೆಪ್ಟರ್, ಅಂದರೆ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು, ಅವುಗಳಲ್ಲಿ ಇಲ್ಲ. ಹಾಗಾಗಿ ಓದಿ ಹೇಳುವವರು ಬೇಕು. ಹಿಂದೆ ಹಳ್ಳಿಯಲ್ಲಿ ಪೋಸ್ಟ್‌ಮ್ಯಾನೇ ಕಾಗದ ಓದಿ ಹೇಳುತ್ತಿದ್ದನಲ್ಲ, ಹಾಗೆ. ಓದಿ ಹೇಳುವವನು ಯಾವ ದನಿಯಲ್ಲಿ ಓದುತ್ತಾನೆ ಎಂಬುದರ ಮೇಲೆ ಮನೆಯವರು ನಗುತ್ತಾರೋ ಅಳುತ್ತಾರೋ. ಹೀಗೆ ಓದಿ ಹೇಳುವವರ ಗುಂಪಿನಲ್ಲಿ ಡೋಪಮಿನ್ ಒಂದು.

ಇದು ಗೊತ್ತಾದ ದಾರಿಯಲ್ಲಿ ನಮ್ಮ ಕಾಡಿನ ಒಂದು ಗಿಡ ಬರುತ್ತದೆ. ಸರ್ಪಗಂಧ. ಪಶ್ಚಿಮ ಘಟ್ಟದಲ್ಲಿ ಓಡಾಡಿದವರು ನೋಡಿರುತ್ತೀರಿ. ಅದರ ಬೇರನ್ನು ಹುಚ್ಚಿಗೆ, ನಿದ್ದೆಗೆ ನಮ್ಮವರು ಬಹಳ ಹಿಂದಿನಿಂದ ಕೊಡುತ್ತಿದ್ದರು. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದು ರಕ್ತದೊತ್ತಡ ಇಳಿಸುವ ಬಗ್ಗೆ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಪಶ್ಚಿಮದ ವೈದ್ಯರ ಕಣ್ಣು ಅದರ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಬೇರಿನಿಂದ ರೆಸರ್ಪಿನ್ ತೆಗೆದರು. 1957ರಲ್ಲಿ ಎರಡು ಸಂಗತಿ ನಡೆದವು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ರೆಸರ್ಪಿನ್ ಕೊಟ್ಟು ಮೊಲಗಳನ್ನು ಕಲ್ಲಿನ ಹಾಗೆ ಕೂರಿಸಿದರು. ಆಮೇಲೆ ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟರು, ಮೊಲ ಕಿವಿ ನಿಮಿರಿಸಿ ಎದ್ದಿತು. ಮಿದುಳಿನಲ್ಲಿ ಡೋಪಮಿನ್‌ಗೆ ಸ್ವಂತ ಕೆಲಸ ಇದೆ ಎಂಬುದು ಹೊರಬಿದ್ದದ್ದು ಈ ದಾರಿಯಲ್ಲಿ. 2000ದಲ್ಲಿ ಅವರಿಗೆ ನೊಬೆಲ್ ಬಂತು. ಅದೇ 1957ರಲ್ಲಿ ಬ್ಯಾರಾಕ್ಲೊ ಮತ್ತು ಸಾಯರ್ ಅದೇ ರೆಸರ್ಪಿನ್ ಹೆಣ್ಣಿಲಿಗೆ ಕೊಟ್ಟು ಅಂಡ ಬಿಡುಗಡೆ ನಿಲ್ಲಿಸಿದರು. ಮೊಲ ಕೂರುವುದೂ ಇಲಿಯ ಅಂಡ ನಿಲ್ಲುವುದೂ ಒಂದೇ ಬೇರಿನಿಂದ!

ಆಮೇಲೆ 1960ರ ದಶಕದಲ್ಲಿ ಸ್ವೀಡನ್ನಿನವರೇ ಮಿದುಳಿನ ತೆಳು ಹಾಳೆಗೆ ಫಾರ್ಮಾಲ್ಡಿಹೈಡ್ ಹಬೆ ಕೊಟ್ಟು ನೋಡುವ ವಿಧಾನ ಕಂಡುಹಿಡಿದರು. ಡೋಪಮಿನ್ ಇದ್ದ ಕಡೆ ಹಸಿರು ಬೆಳಕು. ಹೈಪೊಥಲಮಸ್ ತಳದಿಂದ ಪಿಟ್ಯುಟರಿಯ ರಕ್ತನಾಳದ ಬಾಯಿವರೆಗೆ ಹಸಿರು ದಾರದ ಹಾಗೆ ಡೋಪಮಿನ್ ನರಗಳು ಇಳಿದಿದ್ದವು. ಜಿಎನ್‌ಆರ್‌ಎಚ್ ಸುರಿಯುವುದೂ ಅದೇ ಬಾಯಿಯಲ್ಲಿ. ಅಕ್ಕಪಕ್ಕದ ನಲ್ಲಿಗಳು.

ಈಗ ನನಗೆ ತುಂಬಾ ಇಷ್ಟವಾದ ಪ್ರಯೋಗ. ಊರು ಅರ್ಜೆಂಟೀನಾದ ಬ್ಯೂನಸ್ ಐರಿಸ್. ಅಲ್ಲಿ ಬೆರ್ನಾರ್ಡೊ ಹೌಸ್ಸೆ ಎಂಬ ದೊಡ್ಡ ವಿಜ್ಞಾನಿ ಇದ್ದರು. 1943ರಲ್ಲಿ ಅಲ್ಲಿನ ಸರ್ಕಾರ ಅವರನ್ನು ವಿಶ್ವವಿದ್ಯಾಲಯದಿಂದ ತೆಗೆದುಹಾಕಿತು. ಅವರು ದಾನಿಗಳ ದುಡ್ಡಿನಲ್ಲಿ 1944ರಲ್ಲಿ ಸ್ವಂತ ಸಂಸ್ಥೆ ಕಟ್ಟಿದರು, 1947ರಲ್ಲಿ ನೊಬೆಲ್ ಪಡೆದರು. ಆ ಸಂಸ್ಥೆಯಲ್ಲಿ ಮುಂದೆ ಕಾರ್ಲೋಸ್ ಲಿಬರ್ಟುನ್ ಮತ್ತು ಜೊತೆಗಾರರು ಎಳೆ ಇಲಿಗಳ ಡೋಪಮಿನ್ ಹಿಂದೆ ಬಿದ್ದರು. 1993ರಲ್ಲಿ ಅವರು ಪ್ರಕಟಿಸಿದ್ದು 12 ದಿನದ ಮರಿಗಳ ಕೆಲಸ.

12 ದಿನದ ಮರಿ ಅಂದರೆ ಏನು ಅಂತ ಒಂದು ಸಲ ಕಣ್ಣಿಗೆ ತಂದುಕೊಳ್ಳಿ. ಮೈಮೇಲೆ ನವಿರು ಕೂದಲು ಬಂದಿದೆ. ತೂಕ ಒಂದು ನಿಂಬೆಹಣ್ಣಿಗಿಂತ ಕಮ್ಮಿ. ಕಣ್ಣು ಇನ್ನೂ ಬಿಟ್ಟಿಲ್ಲ, ಬಿಡುವುದು 14-15ನೇ ದಿನ. ಮೊಲೆ ಹುಡುಕಿಕೊಂಡು ತೆವಳುತ್ತದೆ, ಅಷ್ಟೇ. ಆದರೆ ಈ ಹೆಣ್ಣುಮರಿಯ ರಕ್ತ ನೋಡಿದರೆ ಎಫ್‌ಎಸ್‌ಎಚ್ ಏರಿ ಕೂತಿರುತ್ತದೆ, ಆಮೇಲಿನ ವಾರಗಳಿಗಿಂತ ಜಾಸ್ತಿ. ಈಸ್ಟ್ರೊಜೆನ್ ಕೂಡ ಧಾರಾಳ ಇರುತ್ತದೆ. ಆದರೆ ಅದರ ಬಹುಪಾಲನ್ನು ಆಲ್ಫಾ-ಫೀಟೊಪ್ರೋಟೀನ್ ಎಂಬ ಪ್ರೋಟೀನು ಕಟ್ಟಿಹಾಕಿರುತ್ತದೆ. ಕಾಗದ ಬಂದಿದೆ, ಲಕೋಟೆ ಒಡೆದಿಲ್ಲ. ಮೂರನೇ ವಾರ ಕಳೆದಂತೆ ಆ ಪ್ರೋಟೀನು ಇಳಿಯುತ್ತಾ ಬರುತ್ತದೆ, ವರದಿ ಮಿದುಳಿಗೆ ತಲುಪತೊಡಗುತ್ತದೆ.

ಇಂಥ ಮರಿಗೆ ಅವರು ಡೋಪಮಿನ್‌ಗೆ ಅಡ್ಡ ನಿಲ್ಲುವ ಔಷಧಿ ಕೊಟ್ಟರು. ಹೈಪೊಥಲಮಸ್ ಜಿಎನ್‌ಆರ್‌ಎಚ್ ಬಿಟ್ಟಿತು, ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಸುರಿಸಿತು. ಬ್ರೇಕಿನ ಮೇಲಿನ ಕಾಲು ಯಾರದ್ದು ಅಂತ ತಿಳಿಯಬೇಕಾದರೆ ಕಾಲು ಎತ್ತಿಸಿ ನೋಡಬೇಕು. ಎತ್ತಿದಾಗ ಗಾಡಿ ಉರುಳಿತು. ಕಣ್ಣೇ ಬಿಡದ ಮರಿಯಲ್ಲಿ ಡೋಪಮಿನ್ ಆಗಲೇ ಬ್ರೇಕ್ ಒತ್ತಿ ಕೂತಿತ್ತು. ಅಂಡಾಶಯದ ವರದಿ ಇನ್ನೂ ಲಕೋಟೆಯಲ್ಲಿರುವ ಹೊತ್ತಿನಲ್ಲೇ. ಹಾಗಾಗಿ ನಾನು ಇದನ್ನು ಓದಿಕೊಳ್ಳುವುದು ಹೀಗೆ: ಮಿದುಳು ಫೀಡ್‌ಬ್ಯಾಕ್ ಕಲಿಯುವ ಮೊದಲೇ ಅದನ್ನು ನಡೆಸಬೇಕಾದ ಕೈಗಳಲ್ಲಿ ಒಂದು ತಯಾರಾಗಿರುತ್ತದೆ.

ದೊಡ್ಡ ಇಲಿಗೆ ಅದೇ ಔಷಧಿ ಕೊಟ್ಟು ನೋಡಿ. ಎಲ್‌ಎಚ್ ಅಷ್ಟು ಸಲೀಸಾಗಿ ಏರುವುದಿಲ್ಲ. ಏರುವುದು ಪ್ರೊಲ್ಯಾಕ್ಟಿನ್, ಅಂದರೆ ಹಾಲಿನ ಹಾರ್ಮೋನು. ಡೋಪಮಿನ್‌ನ ಗಟ್ಟಿ ಹಿಡಿತ ಇರುವುದು ಅದರ ಮೇಲೆ. ಆ ಪ್ರೊಲ್ಯಾಕ್ಟಿನ್ ತಿರುಗಿ ಎಲ್‌ಎಚ್ ಇಳಿಸುತ್ತದೆ. ದೊಡ್ಡವರಲ್ಲಿ ಡೋಪಮಿನ್ ಎಲ್‌ಎಚ್‌ಗೆ ಸಹಾಯ ಮಾಡುತ್ತದೋ ತಡೆಯುತ್ತದೋ ಅಂತ ಪ್ರಯೋಗಾಲಯಗಳು ವರ್ಷಗಟ್ಟಲೆ ಜಗಳವಾಡಿದವು. ಮೈಯಲ್ಲಿ ಈಸ್ಟ್ರೊಜೆನ್ ಇದೆಯೋ ಇಲ್ಲವೋ ಎಂಬುದರ ಮೇಲೆ ಉತ್ತರವೇ ತಿರುಗಿಬೀಳುತ್ತಿತ್ತು. ಪೋಸ್ಟ್‌ಮ್ಯಾನ್ ಅವನೇ. ಮನೆ ಬದಲಾದಂತೆ ಓದುವ ದನಿ ಬದಲಾಯಿತು.

ಇನ್ನೊಂದು ತಿರುವು ಹೇಳಲೇಬೇಕು, ಇಲ್ಲದಿದ್ದರೆ ನೀವು 'ಡೋಪಮಿನ್ ಅಂದರೆ ಬ್ರೇಕ್' ಅಂತ ಬರೆದುಕೊಂಡು ಹೋಗುತ್ತೀರಿ. 1978ರಲ್ಲಿ ಅಡ್ವಿಸ್ ಮತ್ತು ಒಹೇಡ ಎಂಬಿಬ್ಬರು ಹಾಲು ಬಿಟ್ಟ ಎಳೆ ಹೆಣ್ಣಿಲಿಗಳಿಗೆ ಸಲ್ಪಿರೈಡ್ ಕೊಟ್ಟರು. ಅದೂ ಡೋಪಮಿನ್‌ಗೆ ಅಡ್ಡ ನಿಲ್ಲುವ ಔಷಧಿಯೇ. ಪ್ರೊಲ್ಯಾಕ್ಟಿನ್ ಏರಿತು. ದೊಡ್ಡವರಲ್ಲಿ ಪ್ರೊಲ್ಯಾಕ್ಟಿನ್ ಏರಿದರೆ ಮುಟ್ಟು ನಿಲ್ಲುತ್ತದೆ ಅಂತ ಆಗಲೇ ಹೇಳಿದೆ. ಇಲ್ಲಿ ಆದದ್ದು ಉಲ್ಟಾ. ಇಲಿಗಳು ಬೇಗ ಮೈನೆರೆದವು! ಕಾರಣ ಮಿದುಳಿನಲ್ಲಿ ಇರಲಿಲ್ಲ. ಪ್ರೊಲ್ಯಾಕ್ಟಿನ್ ಅಂಡಾಶಯಕ್ಕೇ ಹೋಗಿ ಅದು ಎಲ್‌ಎಚ್ ಮಾತಿಗೆ ಜಾಸ್ತಿ ಓಗೊಡುವ ಹಾಗೆ ಮಾಡಿತ್ತು. ಒಂದೇ ಡೋಪಮಿನ್ ಹಿಡಿತ ಸಡಿಲಿಸಿದರೆ ಮೇಲಿನ ಮನೆಯಲ್ಲಿ ಒಂದು, ಕೆಳಗಿನ ಮನೆಯಲ್ಲಿ ಇನ್ನೊಂದು. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಜಾರುವುದು ಇಲ್ಲೇ.

ಪಾಸಿಟಿವ್ ಫೀಡ್‌ಬ್ಯಾಕ್ ಕಥೆ ಸ್ವಲ್ಪ ಬೇರೆ. ಮೂರು ವಾರದ ಆಸುಪಾಸಿನ ತನಕ ಈಸ್ಟ್ರೊಜೆನ್ ಎಷ್ಟೇ ಸುರಿದರೂ ಎಲ್‌ಎಚ್ ಉಕ್ಕುವುದಿಲ್ಲ. ಆಮೇಲೆ ಉಕ್ಕುತ್ತದೆ. ಗಂಡಿಲಿಯಲ್ಲಿ ಯಾವತ್ತೂ ಉಕ್ಕುವುದಿಲ್ಲ. ಹುಟ್ಟಿದ 5ನೇ ದಿನ ಹೆಣ್ಣುಮರಿಗೆ ಒಂದೇ ಒಂದು ಸಲ ಟೆಸ್ಟೊಸ್ಟೆರೋನ್ ಚುಚ್ಚಿದರೆ ಅದಕ್ಕೂ ಜೀವನಪೂರ್ತಿ ಅಂಡ ಬಿಡುಗಡೆ ಇಲ್ಲ. 1961ರಲ್ಲಿ ಬ್ಯಾರಾಕ್ಲೊ ಇದನ್ನು ತೋರಿಸಿದ್ದರು. ಇದಕ್ಕೆ ಸಂಬಂಧಪಟ್ಟ ಒಂದು ಪುಟ್ಟ ಗಂಟು ಹೈಪೊಥಲಮಸ್‌ನ ಮುಂಭಾಗದಲ್ಲಿದೆ. ಎವಿಪಿವಿ ಅಂತಾರೆ. ಅಲ್ಲಿ ಡೋಪಮಿನ್ ಮಾಡುವ ಕೋಶಗಳು ಗಂಡಿಗಿಂತ ಹೆಣ್ಣಿನಲ್ಲಿ ಜಾಸ್ತಿ. ಅಲ್ಲೇ ಕಿಸ್‌ಪೆಪ್ಟಿನ್ ಕೋಶಗಳೂ ಇವೆ. ಇದರ ಜೀನ್ ಮೊದಲು ಸಿಕ್ಕಿದ್ದು 1996ರಲ್ಲಿ, ಕ್ಯಾನ್ಸರ್ ಹರಡುವುದನ್ನು ತಡೆಯುವ ಜೀನ್ ಅಂತ. ಊರು ಅಮೆರಿಕದ ಹರ್ಷಿ. ಅಲ್ಲಿನ 'ಕಿಸ್' ಚಾಕೊಲೇಟಿನ ಹೆಸರನ್ನೇ ಇಟ್ಟುಬಿಟ್ಟರು. 2003ರಲ್ಲಿ ಗೊತ್ತಾಯಿತು, ಇದರ ರಿಸೆಪ್ಟರ್ ಕೆಟ್ಟ ಮಕ್ಕಳು ಮೈನೆರೆಯುವುದೇ ಇಲ್ಲ ಅಂತ. ಜಿಎನ್‌ಆರ್‌ಎಚ್ ಕೋಶವನ್ನು ಇಷ್ಟು ಜೋರಾಗಿ ಎಬ್ಬಿಸುವ ವಸ್ತು ಇನ್ನೊಂದು ಸಿಗುವುದು ಕಷ್ಟ.

ಈಗ ತಮಾಷೆ ಕೇಳಿ. ಹೆಣ್ಣಿನ ಆ ಗಂಟಿನಲ್ಲಿ ಎಷ್ಟೋ ಕೋಶಗಳು ಕಿಸ್‌ಪೆಪ್ಟಿನ್ನೂ ಮಾಡುತ್ತವೆ, ಡೋಪಮಿನ್ ಮಾಡುವ ಕಿಣ್ವವನ್ನೂ ಇಟ್ಟುಕೊಂಡಿವೆ. ಹೆಣ್ಣು ಚಿಟ್ಟಿಲಿಗಳ ಮಿದುಳಿನ ತುಂಡುಗಳಲ್ಲಿ ನೋಡಿದರೆ ಡೋಪಮಿನ್ ಜಿಎನ್‌ಆರ್‌ಎಚ್ ಕೋಶಗಳನ್ನು ಸುಮ್ಮನಾಗಿಸುತ್ತದೆ. ಆಕ್ಸಿಲರೇಟರು, ಬ್ರೇಕು ಎರಡೂ ಒಂದೇ ಕಾಲಿನ ಕೆಳಗೆ! ನಮ್ಮೂರಿನ ಆಟೋ ಡ್ರೈವರುಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಇರಲಿಕ್ಕಿಲ್ಲ.

ಒಬ್ಬರು ಕೇಳಿದರು: ಇಲಿ ಬಿಟ್ಟರೆ ಬೇರೆ ಪ್ರಾಣಿಗಳಲ್ಲಿ ಹೀಗಿದೆಯಾ?

ಕುರಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ತಣ್ಣನೆ ದೇಶಗಳ ಕುರಿಗಳು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಬೆದೆಗೆ ಬರುತ್ತವೆ. ಬೆದೆ ಇಲ್ಲದ ಕಾಲದಲ್ಲಿ ಸ್ವಲ್ಪ ಈಸ್ಟ್ರೊಜೆನ್ ಕೂಡ ಎಲ್‌ಎಚ್ ಅನ್ನು ಅದುಮಿಬಿಡುತ್ತದೆ. ಆ ಅದುಮುವ ಕೈ ಡೋಪಮಿನ್ ನರಗಳದ್ದು ಅಂತ ಕಾರ್ಷ್, ಗುಡ್‌ಮನ್ ಮುಂತಾದವರು ತೋರಿಸಿದರು. ಮೀನಿನಲ್ಲಂತೂ ಇದು ವ್ಯಾಪಾರ. ರೋಹು, ಕಾಟ್ಲಾ ಮೀನುಗಳು ಕೆರೆಯಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿ ಪಿಟ್ಯುಟರಿ ರಸ ಚುಚ್ಚಿ ಮೊದಲ ಸಲ ಮರಿ ಮಾಡಿಸಿದರು. ಇವತ್ತು ಮೀನುಮರಿ ಕೇಂದ್ರಗಳಲ್ಲಿ ಚುಚ್ಚುವ ಔಷಧಿಯಲ್ಲಿ ಜಿಎನ್‌ಆರ್‌ಎಚ್ ಥರದ್ದು ಒಂದು ಇರುತ್ತದೆ, ಜೊತೆಗೆ ಬ್ರೇಕ್ ಎತ್ತಲು ಇನ್ನೊಂದು. ಆ ಇನ್ನೊಂದು ಯಾವುದು ಹೇಳಿ? ಡಾಂಪೆರಿಡೋನ್. ನನ್ನ ಮಾತ್ರೆ ಪಟ್ಟಿಯ ಅದೇ 'ಡಿ'. ಸಂಜೆ ಚುಚ್ಚಿದರೆ ಬೆಳಗಾಗುವಷ್ಟರಲ್ಲಿ ತೊಟ್ಟಿ ತುಂಬ ಮೊಟ್ಟೆ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಕೇಳಿದರು: "ಮೇಡಂ, ಈಗಿನ ಹೆಣ್ಣುಮಕ್ಕಳು ಬೇಗ ದೊಡ್ಡವರಾಗ್ತಾರೆ. ಮೊಬೈಲ್ ನೋಡಿದ್ರೆ ಡೋಪಮಿನ್ ಜಾಸ್ತಿ ಆಗತ್ತಂತೆ. ಅದಕ್ಕೇನಾ?"

ಇಲ್ಲ ತಾಯಿ, ಹಾಗೆ ಗೆರೆ ಎಳೆಯಲು ಬರುವುದಿಲ್ಲ. ಮೊಬೈಲಿನ ಸುದ್ದಿಯಲ್ಲಿ ಬರುವ ಡೋಪಮಿನ್ ಇರುವ ಜಾಗವೇ ಬೇರೆ, ಹೈಪೊಥಲಮಸ್ ತಳದ ಡೋಪಮಿನ್ ಬೇರೆ. ಅಡುಗೆಮನೆಯ ಉಪ್ಪು ಸಮುದ್ರದ ಉಪ್ಪು ಒಂದೇ ಅಂತ ಸಾರಿಗೆ ಸಮುದ್ರ ಸುರಿಯುತ್ತೇವಾ? ಜೊತೆಗೆ ಮನುಷ್ಯರಲ್ಲಿ ಬ್ರೇಕ್ ಹಾಕುವ ರೀತಿಯೂ ಇಲಿಯ ಹಾಗಿಲ್ಲ. ಟರ್ನರ್ ಸಿಂಡ್ರೋಮ್ ಇರುವ ಹುಡುಗಿಯರಿಗೆ ಅಂಡಾಶಯ ಕೆಲಸ ಮಾಡುವುದಿಲ್ಲ, ವರದಿ ಕಳಿಸುವವರೇ ಇಲ್ಲ. ಆದರೂ ಬಾಲ್ಯದ ನಡುವಿನಲ್ಲಿ ಅವರ ಎಫ್‌ಎಸ್‌ಎಚ್, ಎಲ್‌ಎಚ್ ಇಳಿಯುತ್ತವೆ, ಆಮೇಲೆ ಏರುತ್ತವೆ. ಮಿದುಳು ಯಾರ ವರದಿಗೂ ಕಾಯದೆ ತಾನೇ ಬ್ರೇಕ್ ಒತ್ತಿದೆ. ಕೋತಿಗಳಲ್ಲಿ ನೋಡಿದರೆ ಆ ಬ್ರೇಕಿನಲ್ಲಿ ದೊಡ್ಡ ಪಾಲು ಗಾಬಾ ಎಂಬ ಬೇರೆಯೇ ರಾಸಾಯನಿಕದ್ದು. ಎಂಟು ವರ್ಷದೊಳಗೆ ಎದೆ ಬೆಳೆಯಲು ಶುರುವಾದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮೊಬೈಲ್ ಕಿತ್ತುಕೊಳ್ಳುವುದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ, ಅದಕ್ಕೆ ನನ್ನ ಇಲಿಗಳನ್ನು ಸಾಕ್ಷಿ ಕರೆಯಬೇಡಿ.

ಆ ಸ್ಮಿಯರ್ ವಿಷಯ ಹೇಳುವಾಗ ಒಂದು ಮಾತು ಬಿಟ್ಟಿದ್ದೆ. ಪಿಎಚ್‌ಡಿ ಮಾಡುವಾಗ ನಮ್ಮ ಇಲಿಮನೆಯ ಲೈಟಿನ ಟೈಮರ್ ಕೆಟ್ಟಿತ್ತು. ರಾತ್ರಿಯಿಡೀ ಲೈಟ್ ಉರಿಯುತ್ತಿತ್ತು. ನಾವೆಲ್ಲ ಆರು ಗಂಟೆಗೆ ಮನೆಗೆ ಹೋಗುವವರು, ಯಾರಿಗೂ ಗೊತ್ತಾಗಲಿಲ್ಲ. ನಾಲ್ಕೈದು ವಾರ ಕಳೆಯುವಷ್ಟರಲ್ಲಿ ಎಲ್ಲ ಸ್ಲೈಡಿನಲ್ಲೂ ದಿನಾ ಅವಲಕ್ಕಿ, ಬರೀ ಅವಲಕ್ಕಿ. ಕತ್ತಲೆ ಕಾಣದ ಇಲಿಯ ಮಿದುಳಿಗೆ ಮಧ್ಯಾಹ್ನ ಯಾವುದು ಅಂತಲೇ ಮರೆತುಹೋಗುತ್ತದೆ. ಅಂಡ ಬಿಡುವ ಆಜ್ಞೆ ಬರುವುದೇ ಇಲ್ಲ. ನಾನು ಏನೋ ಹೊಸದು ಕಂಡುಹಿಡಿದೆ ಅಂತ ಗೈಡ್ ಹತ್ತಿರ ಓಡಿದ್ದೆ. ಅವರು ಸ್ಲೈಡ್ ನೋಡಲಿಲ್ಲ. "ರಾತ್ರಿ ಹೋಗಿ ಲೈಟ್ ನೋಡಮ್ಮಾ" ಅಂದರು.

ಕೊನೆಗೆ ಎರಡನೇ ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು. "ಆ ಇಲಿಗಳು ಆಮೇಲೆ ಏನಾದವು ಮೇಡಂ?"

ಹೊಸ ಟೈಮರ್ ಹಾಕಿದೆವು. ಮರುವಾರ ಏನೂ ಇಲ್ಲ. ಅದರ ಮುಂದಿನ ವಾರ ಒಂದು ಬೆಳಿಗ್ಗೆ, ಏಳನೇ ಪಂಜರದ ಸ್ಲೈಡಿನಲ್ಲಿ, ಅವಲಕ್ಕಿಯ ಮೇಲೆ ಸಾಸಿವೆ ಬಿದ್ದಿತ್ತು.